ರಂಗೋಲೆ ಇಲ್ಲದ ಬೇಸ್ತವಾರಗಳು

ಈಗ ನನಗೆ ನಿಂತರೂ ದಣಿವು, ಕೂತರೂ ದಣಿವು. ವಯಸ್ಸಾಯಿತು, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಹತ್ತೊಂಬತ್ತಕ್ಕೇ ಹೀಗೆ ದಣಿದಿದ್ದೆ ಎಂದರೆ ಮಾತ್ರ ಮೊಮ್ಮಕ್ಕಳು ನಗುತ್ತವೆ. ನಗಲಿ. ಅವರ್ಯಾರೂ ನನ್ನ ಜೊತೆ ಬೀಸುವ ಕಲ್ಲಿನ ಮುಂದೆ ಕೂತವರಲ್ಲ.

ನಾನು ಜಗಳೂರು ಸೀಮೆಯ ಬಿಳಿಚೋಡಿನವಳು. ಚನ್ನಗಿರಿಗೆ ಸೊಸೆಯಾಗಿ ಬಂದೆ. ಯುದ್ಧದ ಕಾಲ ಅದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಿಕ್ಕ ಅಕ್ಕಿಯಲ್ಲಿ ಅರ್ಧ ಕಲ್ಲು. ಮನೆಯಲ್ಲಿ ಗಂಡ, ಇಬ್ಬರು ಮೈದುನರು, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದ ಅತ್ತೆ, ನನ್ನ ಕಂಕುಳಲ್ಲಿ ನಾಲ್ಕು ತಿಂಗಳ ಕೂಸು. ಇದ್ದ ಒಬ್ಬಳೇ ನಾದಿನಿಯನ್ನು ನ್ಯಾಮತಿಗೆ ಕೊಟ್ಟಿದ್ದರು. ಹೀಗಾಗಿ ಆ ಮನೆಯಲ್ಲಿ ಕೈ ಕಾಲು ಆಡುವ ಹೆಂಗಸು ನಾನೊಬ್ಬಳೇ. ಕೋಳಿ ಕೂಗುವ ಮೊದಲೇ ಜೋಳ ಬೀಸಬೇಕು, ನೀರು ತರಬೇಕು, ಅತ್ತೆಯನ್ನು ಎತ್ತಿ ಕೂರಿಸಿ ಮೈ ಒರೆಸಬೇಕು, ಗಂಡಸರು ಹೊಲಕ್ಕೆ ಹೋಗುವಷ್ಟರಲ್ಲಿ ಬುತ್ತಿ ಕಟ್ಟಬೇಕು. ದಿನಕ್ಕೆ ಇಪ್ಪತ್ತು ರೊಟ್ಟಿ ತಟ್ಟುತ್ತಿದ್ದೆ. ಹಸೀ ಸೌದೆಯ ಹೊಗೆಗೆ ಕಣ್ಣು ಸದಾ ಕೆಂಪು.

ಇದರ ಮೇಲೆ ಬೇಸ್ತವಾರದ ಹುಡುಗ.

ಆಗೆಲ್ಲ ಊರೂರಿಗೆ ಶಾಲೆ ಎಲ್ಲಿತ್ತು? ಮಿಡ್ಲ್ ಸ್ಕೂಲು ಓದಬೇಕಾದರೆ ಹಳ್ಳಿಯ ಹುಡುಗರು ಚನ್ನಗಿರಿಗೇ ಬರಬೇಕು. ಬಂದವರು ಶಾಲೆಯ ಜಗಲಿಯ ಮೇಲೋ ಗುಡಿಯ ಪಡಸಾಲೆಯಲ್ಲೋ ಮಲಗುತ್ತಿದ್ದರು. ಊಟಕ್ಕೆ ಇಲ್ಲದವರಿಗೆ ಹೆಡ್‌ಮೇಷ್ಟ್ರೇ ಮನೆಮನೆಗೆ ಬಂದು ವಾರ ಕೇಳುತ್ತಿದ್ದರು. ಒಬ್ಬ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ. ಬಸವಾಪಟ್ಟಣದ ಆಚೆಯ ಹಳ್ಳಿಯ ಒಬ್ಬ ಹುಡುಗನಿಗೆ ಒಂದು ದಿನ ಬೇಕು ಎಂದು ಅವರು ಬಂದಾಗ ಅತ್ತೆ ಮಲಗಿದಲ್ಲಿಂದಲೇ, "ಬೇಸ್ತವಾರ ನಮ್ದು ಮೇಷ್ಟ್ರೇ, ಕಳಿಸ್ರಿ" ಎಂದುಬಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ದಾನ ಮಾಡಿದವರು ಅತ್ತೆ, ರೊಟ್ಟಿ ತಟ್ಟಿದವಳು ನಾನು.

ಹುಡುಗನಿಗೆ ಹದಿಮೂರೋ ಹದಿನಾಲ್ಕೋ ಇರಬೇಕು. ತಲೆ ತಗ್ಗಿಸಿ ಬರುವುದು, ಕಾಲು ತೊಳೆದು ಕೂರುವುದು, ಎರಡು ರೊಟ್ಟಿಗೆ ಸಾಕು ಅನ್ನುವುದು, ನಾನು ಮೂರನೆಯದು ಹಾಕಿದರೆ ತಿನ್ನುವುದು, ಎಲೆ ಎತ್ತಿ ಜಾಗ ಸಾರಿಸಿ ಹೋಗುವುದು. ಅವನ ಮೇಲೆ ಒಂದು ತಪ್ಪು ಹೊರಿಸಲಾರೆ. ಮೂರು ರೊಟ್ಟಿ ಏನು ಮಹಾ ಎಂದು ನೀವು ಕೇಳಬಹುದು. ಇಪ್ಪತ್ತು ತಟ್ಟಿದ ಕೈಗೆ ಇಪ್ಪತ್ತೊಂದನೆಯದು ಎಷ್ಟು ಭಾರ ಎಂಬುದು ತಟ್ಟಿದವರಿಗೇ ಗೊತ್ತು. ಅದೂ ಶಾಲೆಯ ಗಂಟೆ ಹೊಡೆಯುವ ಮೊದಲು, ಬಿಸಿಯದೇ ಹಾಕಬೇಕು. ತಂಗಳು ಹಾಕಿದರೆ ಅತ್ತೆಗೆ ಒಳಗಿನಿಂದಲೇ ತಿಳಿಯುತ್ತಿತ್ತು. ಹೆಂಗೆ ತಿಳಿಯುತ್ತಿತ್ತೋ ದೇವರಿಗೇ ಗೊತ್ತು.

ಇನ್ನೂ ಒಂದು ಮಾತಿದೆ, ಹೇಳಿಯೇಬಿಡುತ್ತೇನೆ. ಊಟವಾದ ಮೇಲೆ ಅತ್ತೆ ಅವನನ್ನು ಕರೆದು ಈ ವಾರ ಏನು ಕಲಿಸಿದರು ಎಂದು ಕೇಳುತ್ತಿದ್ದರು. ಅವನು ನದಿಗಳ ಹೆಸರು, ಪದ್ಯ, ಬಡ್ಡಿ ಲೆಕ್ಕ ಎಲ್ಲ ಪಟಪಟ ಒಪ್ಪಿಸುತ್ತಿದ್ದ. ಅತ್ತೆ ಭೇಷ್ ಅನ್ನುತ್ತಿದ್ದರು. ನಾನು ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ನನಗೂ ಓದು ಹತ್ತುತ್ತಿತ್ತು. ಬಿಳಿಚೋಡಿನಲ್ಲಿ ಎರಡನೆಯ ಇಯತ್ತೆಗೇ ಶಾಲೆ ಬಿಡಿಸಿ ತಮ್ಮನನ್ನು ಎತ್ತಿಕೊಳ್ಳಾಕೆ ಹಾಕಿದರು. ನನಗೆ ಯಾರೂ ಒಂದು ವಾರ ಕೊಟ್ಟಿರಲಿಲ್ಲ. ಆ ಹುಡುಗ ನದಿ ಒಪ್ಪಿಸಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಪರೀಕ್ಷೆಗೆ ಇನ್ನು ಮೂರು ತಿಂಗಳು ಇರುವಾಗ ಅವನ ಸೋಮವಾರದ ಮನೆಯವರಿಗೆ ಹೊನ್ನಾಳಿಗೆ ವರ್ಗವಾಯಿತು. ಭಾನುವಾರ ಮೊದಲಿನಿಂದಲೂ ಅವನಿಗೆ ಮನೆ ಇರಲಿಲ್ಲ. ಆ ದಿನ ಏನು ತಿನ್ನುತ್ತಿದ್ದನೋ ನಾನು ಕೇಳಿದವಳಲ್ಲ. ಅತ್ತೆ ಕೇಳಿದಾಗ ಅವನು ಹೇಳಿದ್ದು ನನ್ನ ಕಿವಿಗೂ ಬಿತ್ತು.

"ಐದು ಮನೆ ಐತಲ್ರೀ ಅವ್ವಾರೆ, ನಡೀತೈತೆ. ಇನ್ನೊಂದು ತಪ್ಪಿದ್ರೆ ಅಪ್ಪ ಬಂದು ಕರಕೊಂಡು ಹೋಗ್ತಾನಂತೆ. ಉಪಾಸ ಬಿದ್ದು ಓದಾದು ಬ್ಯಾಡ ಅಂತಾನೆ."

"ನಮ್ಮನಿ ತಪ್ಪಲ್ಲ ಬಿಡು" ಎಂದರು ಅತ್ತೆ.

ಅದಾದ ಮುಂದಿನ ಬೇಸ್ತವಾರ ಕೂಸಿಗೆ ಜ್ವರ. ರಾತ್ರಿಯೆಲ್ಲ ಹೆಗಲ ಮೇಲೆ ಹಾಕಿಕೊಂಡು ತಿರುಗಿದ್ದೆ. ಬೆಳಿಗ್ಗೆ ಬಾಗಿಲಿಗೆ ನೀರು ಚೆಲ್ಲಿದವಳು ರಂಗೋಲೆ ಹಾಕಾಕೆ ಬಗ್ಗಲಾರದೆ ಒಳಗೆ ಬಂದೆ. ಆಮೇಲೆ ಹಾಕಿದರಾಯಿತು ಎಂದುಕೊಂಡೆ, ಮರೆತೆ.

ನಮ್ಮ ಕಡೆ ಬಾಗಿಲ ಮುಂದೆ ರಂಗೋಲೆ ಇಲ್ಲದ ಮನೆ ಎಂದರೆ ಸೂತಕದ ಮನೆ. ಯಾರಾದರೂ ತೀರಿಕೊಂಡರೆ ಹನ್ನೊಂದು ದಿನ ರಂಗೋಲೆ ಹಾಕುವುದಿಲ್ಲ. ವಾರ ಉಣ್ಣುವ ಹುಡುಗರಿಗೆ ಮೇಷ್ಟ್ರು ಮೊದಲೇ ಹೇಳಿರುತ್ತಿದ್ದರು. ರಂಗೋಲೆ ಕಾಣದಿದ್ದರೆ ಕೂಗಬೇಡ, ಕೇಳಬೇಡ, ಸುಮ್ಮನೆ ಹಿಂದಕ್ಕೆ ಬಾ ಎಂದು. ಸಾವಾದ ಮನೆಯಲ್ಲಿ ಊಟಕ್ಕೆ ನಿಲ್ಲಬಾರದಲ್ಲ.

ಆ ದಿನ ಹುಡುಗ ಬಂದ. ಕಿಟಕಿಯಿಂದ ಕಂಡ. ಹೊಸ್ತಿಲ ಮುಂದೆ ನಿಂತು ನೆಲ ನೋಡಿದ, ಒಂದು ಕ್ಷಣ ಕೈ ಮುಗಿದ, ತಿರುಗಿ ನಡೆದ. ನನಗೆ ತಕ್ಷಣ ಅರ್ಥವಾಯಿತು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದ. ನಾನು ಕೂಗಲಿಲ್ಲ. ಒಲೆಯ ಮುಂದಿನಿಂದ ಎದ್ದು ಗೋಡೆಗೆ ಒರಗಿ ಕೂತೆ. ಎಷ್ಟೋ ದಿನಗಳ ಮೇಲೆ ಹಗಲು ಹೊತ್ತಿನಲ್ಲಿ ಬೆನ್ನು ಗೋಡೆಗೆ ತಾಗಿತ್ತು, ಆಹಾ ಎನ್ನಿಸಿತು.

"ಹುಡುಗ ಬರ್ಲಿಲ್ಲೇನೇ?" ಎಂದರು ಅತ್ತೆ.

"ಊರಿಗೆ ಹೋಗಿರಬೇಕು ಬಿಡ್ರಿ" ಎಂದೆ.

ಎರಡನೆಯ ಬೇಸ್ತವಾರ ಬೇಕೆಂದೇ ರಂಗೋಲೆ ಹಾಕಲಿಲ್ಲ. ಪಕ್ಕದ ಮನೆಯವಳು ಕೇಳಿದಾಗ ಪುಡಿ ಮುಗಿದಿದೆ ಎಂದೆ, ಅತ್ತೆ ಕೇಳಿದಾಗ ಹುಡುಗ ಇನ್ನೂ ಊರಿಂದ ಬಂದಿಲ್ಲ ಎಂದೆ. ಹುಡುಗ ಅಂದೂ ಬಂದು ನೋಡಿ ಹೋದ. ನಮ್ಮ ಬೀದಿ ಶಾಲೆಯ ದಾರಿಯಲ್ಲಿರಲಿಲ್ಲ, ಆದ್ದರಿಂದ ಉಳಿದ ದಿನ ನಮ್ಮ ಬಾಗಿಲು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಮೂರನೆಯ ವಾರ ಕೈ ರೂಢಿಯಂತೆ ತಾನೇ ಎಳೆ ಎಳೆದುಬಿಟ್ಟಿತ್ತು. ಹೂವೂ ಬಂದಿತ್ತು, ಬಳ್ಳಿಯೂ ಬಂದಿತ್ತು. ಅವನು ಬರುವ ಹೊತ್ತಾದಾಗ ನೆನಪಾಯಿತು. ಒಂದು ಚೊಂಬು ನೀರು ತಂದು ಅದರ ಮೇಲೆ ಚೆಲ್ಲಿ ಪೊರಕೆಯಿಂದ ಬಳಿದುಹಾಕಿದೆ. ಹೆಣ ಹೊರಟ ಮೇಲೆ ಬಾಗಿಲಿಗೆ ನೀರು ಹಾಕುತ್ತಾರಲ್ಲ, ಹಾಗೆ. ಅಪಶಕುನ ಎಂದು ಗೊತ್ತಿತ್ತು. ಆದರೂ ಮಾಡಿದೆ.

ಬೇಡ ಎಂದು ಬಾಯಿ ಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಇನ್ನು ಅವನೇ ತಿಳಿದುಕೊಂಡು ಬರುವುದು ಬಿಡುತ್ತಾನೆ, ಅವನ ಅಪ್ಪ ಕರೆದುಕೊಂಡು ಹೋಗುತ್ತಾನೆ, ನನ್ನ ಪಾಡಿಗೆ ನಾನು ಎಂದುಕೊಂಡೆ. ಪರೀಕ್ಷೆಯ ನೆನಪಾದರೆ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ನಾಲ್ಕನೆಯ ಬೇಸ್ತವಾರ ಅವನು ಮುಂಬಾಗಿಲಿಗೆ ಬರಲಿಲ್ಲ. ಹಿತ್ತಲ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಚಿಕ್ಕ ಗಂಟು. ಹಿತ್ತಲ ಬಾಗಿಲ ಪಕ್ಕದ್ದೇ ಅತ್ತೆಯ ಕೋಣೆ.

"ಅಕ್ಕಾರೆ," ಎಂದ ಮೆತ್ತಗೆ, "ಮನ್ಯಾಗೆ ಯಾರು ಹೋದ್ರೀ?"

ಕೈಯಲ್ಲಿದ್ದ ಸೌದೆ ಕೆಳಗಿಟ್ಟೆ.

"ಹನ್ನೊಂದು ದಿನ ಆಗಿರ್ಬೇಕು ಅನ್ಕೊಂಡು ಮೂರನೇ ವಾರ ಬಂದೆ. ಅವತ್ತೂ ರಂಗೋಲಿ ಇರ್ಲಿಲ್ಲ. ಒಂದಾದ ಮ್ಯಾಲೆ ಇನ್ನೊಂದು ಆಗೈತೆ ಅನ್ಸಿತು. ಕೇಳಾಕೆ ಧೈರ್ಯ ಆಗ್ಲಿಲ್ರೀ." ಗಂಟನ್ನು ಮುಂದೆ ಚಾಚಿದ. "ಒಲಿ ಹಚ್ಚಿರಲ್ಲ ನೀವು. ನಿನ್ನೆ ಬುಧವಾರದ ಮನ್ಯಾಗೆ ಮೂರು ಹಾಕಿದ್ರು, ಎರಡು ಇಟ್ಕೊಂಡೆ. ಅವ್ವಾರಿಗೆ ಆಗ್ತೈತೆ ಅಂತ. ನಾಳೆ ಅಪ್ಪ ಬರ್ತಾನೆ, ಊರಿಗೆ ಕರಕೊಂಡು ಹೋಗಾಕೆ. ಅದಕ್ಕೆ ಹೇಳಿ ಹೋಗಾನ ಅಂತ ಬಂದೆ."

ಸಾವಾದ ಮನೆಗೆ ನೆರೆಹೊರೆಯವರು ಬುತ್ತಿ ತರುತ್ತಾರೆ. ಅದು ಊರ ರೀತಿ. ವಾರ ಉಣ್ಣುವ ಹುಡುಗ, ಮೂರು ಬೇಸ್ತವಾರ ಬರೀ ಹೊಟ್ಟೆಯಲ್ಲಿ ತಿರುಗಿ ಹೋದವನು, ನನಗೆ ಬುತ್ತಿ ತಂದಿದ್ದ. ಮುಖ ಇಳಿದುಹೋಗಿತ್ತು, ಕತ್ತಿನ ಎಲುಬು ಕಾಣುತ್ತಿತ್ತು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು.

ಒಳಗಿನಿಂದ ಅತ್ತೆಯ ದನಿ ಬಂತು. ಅಷ್ಟು ಹೊತ್ತೂ ಅವರು ಕೇಳಿಸಿಕೊಂಡಿದ್ದರು.

"ದೂರದ ಸಂಬಂಧ ತಮ್ಮಾ. ಮುಗೀತು ಎಲ್ಲ. ಒಳಗ ಬಾ, ಕಾಲು ತೊಳಕೊಂಡು ಕೂಡು."

"ಅಪ್ಪ ನಾಳೆ ಬರ್ತಾನ್ರೀ ಅವ್ವಾರೆ."

"ಬರ್ಲಿ. ಮೊದ್ಲು ಇಲ್ಲಿಗೆ ಕರಕೊಂಡು ಬಾ. ಬೇಸ್ತವಾರ ಐತೆ, ಸೋಮವಾರನೂ ನಮ್ದೇ ಅಂತ ನಾನು ಹೇಳ್ತೀನಿ. ಪರೀಕ್ಷೆ ಆಗಾ ತನಕ ಅವನು ಬಾಯಿ ಮುಚ್ಚಿಕೊಂಡಿರ್ಬೇಕು."

ಒಲೆ ಊದಿದೆ. ಹೊಗೆಗೆ ಕಣ್ಣೀರು ಬಂತು ಎಂದು ಯಾರಾದರೂ ಅಂದುಕೊಳ್ಳಲಿ ಎಂದು ಅತ್ತುಬಿಟ್ಟೆ. ಹುಡುಗ ನಾಲ್ಕು ರೊಟ್ಟಿ ತಿಂದ. ಆ ದಿನ ಒಮ್ಮೆಯೂ ಸಾಕು ಅನ್ನಲಿಲ್ಲ. ಶಾಲೆಯ ಗಂಟೆ ಕೇಳಿದ್ದೇ ಎಲೆ ಎತ್ತಿ ಓಡಿದ.

ಅವನು ಹೋದ ಮೇಲೆ ಅತ್ತೆ ನನ್ನನ್ನು ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನೂ ಎರಡು ಮಾತು ಆಡಿಬಿಡುತ್ತಿದ್ದೆ, ತಯಾರಾಗಿಯೇ ಹೋಗಿದ್ದೆ. ನಿಮ್ಮ ಪುಣ್ಯಕ್ಕೆ ನನ್ನ ಸೊಂಟ ಮುರೀತೈತೆ ಅನ್ನೋಣ ಎಂದಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ.

"ಆ ಗಂಟು ಬಿಚ್ಚು. ಹುಡುಗ ಹೊತ್ತು ತಂದೈತೆ, ಚೆಲ್ಲಬಾರ್ದು. ನೀನೇ ಉಣ್ಣು."

ಅವರ ಹಾಸಿಗೆಯ ಪಕ್ಕದಲ್ಲೇ ಕೂತು ತಿಂದೆ. ರೊಟ್ಟಿ ಒಣಗಿ ಹಪ್ಪಳವಾಗಿತ್ತು. ನಂಚಿಕೊಳ್ಳಾಕೆ ಏನೂ ಇರಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ಒಂದೊಂದು ತುತ್ತಿಗೂ ನೀರು ಕುಡಿದು ನುಂಗಿದೆ. ಎರಡೂ ಮುಗಿಯುವವರೆಗೆ ಅತ್ತೆ ಕೂಸನ್ನು ಪಕ್ಕಕ್ಕೆ ಹಾಕಿಕೊಂಡು ತಟ್ಟುತ್ತಿದ್ದರು. ಆಮೇಲೆ, "ಹೋಗು, ಸ್ವಲ್ಪ ಹೊತ್ತು ಅಡ್ಡಾಗು, ಕೂಸನ್ನ ಇಲ್ಲೇ ಬಿಡು" ಎಂದರು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಆ ಮಾತು ಕೇಳಿದ್ದೆ. ಅದೂ ಅಂದೇ ಕೇಳಬೇಕಾಯಿತು.

ಹುಡುಗ ಪರೀಕ್ಷೆ ಪಾಸಾದ. ಎರಡು ತಿಂಗಳು ಸೋಮವಾರವೂ ಬಂದ, ಬೇಸ್ತವಾರವೂ ಬಂದ. ನನ್ನ ದಣಿವೇನೂ ಕಡಿಮೆಯಾಗಲಿಲ್ಲ, ಇನ್ನೊಂದು ದಿನದ ಕೆಲಸ ಹೆಚ್ಚಾಯಿತು ಅಷ್ಟೆ. ಅತ್ತೆ ಆ ವಿಷಯವನ್ನು ಮಗನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಮೂರು ವರ್ಷದ ಮೇಲೆ ತೀರಿಕೊಂಡರು. ಆಗ ನಮ್ಮ ಬಾಗಿಲಲ್ಲಿ ಹನ್ನೊಂದು ದಿನ ನಿಜವಾಗಿಯೂ ರಂಗೋಲೆ ಇರಲಿಲ್ಲ. ನಾನು ಆ ಹೊಸ್ತಿಲು ದಾಟುವಾಗಲೆಲ್ಲ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ.

ಯುದ್ಧ ಮುಗಿದು ಎರಡು ಮೂರು ವರ್ಷವಾಗಿತ್ತು. ನಾದಿನಿಗೆ ಹೆರಿಗೆಯಾಗಿತ್ತು ಎಂದು ನ್ಯಾಮತಿಗೆ ಹೋಗಿದ್ದೆ. ಅವಳಿಗದು ಮೂರನೆಯದು. ಒಂದು ಬೆಳಿಗ್ಗೆ ಅಲ್ಲಿನ ಶಾಲೆಯ ಹೊಸ ಮೇಷ್ಟ್ರು ಬಾಗಿಲಿಗೆ ಬಂದರು, ಸೂರಗೊಂಡನಕೊಪ್ಪದ ಕಡೆಯ ಒಬ್ಬ ಹುಡುಗನಿಗೆ ವಾರ ಕೇಳಾಕೆ. ದನಿ ಕೇಳಿ ಇಣುಕಿದೆ. ಅವನೇ, ನಮ್ಮ ಬೇಸ್ತವಾರದ ಹುಡುಗ. ಮೀಸೆ ಬಂದಿತ್ತು, ಕೋಟು ಹಾಕಿದ್ದ. ನನ್ನನ್ನು ಕಂಡವನೇ ಬಗ್ಗಿ ಕಾಲು ಮುಟ್ಟಿದ.

"ಇವ್ರ ಕೈ ಊಟ ಉಂಡೋನ್ರೀ ನಾನು," ಎಂದ ನಾದಿನಿಯ ಕಡೆ ತಿರುಗಿ. "ಇವ್ರ ಮನ್ಯಾಗೆ ಒಂದಾದ ಮ್ಯಾಲೆ ಒಂದು ಸಾವಾಗಿತ್ತು ಆಗ, ಒಂದು ತಿಂಗಳು ಬಾಗ್ಲಿಗೆ ರಂಗೋಲಿ ಇರ್ಲಿಲ್ಲ. ಅಂಥಾದ್ರಾಗೂ ನನ್ನ ಕೈ ಬಿಡ್ಲಿಲ್ರೀ. ಒಂದು ದಿನ ಇದ್ದದ್ದು ಎರಡು ದಿನ ಮಾಡಿದ್ರು. ವಾರ ಕೇಳಾಕೆ ಹೋದಲ್ಲೆಲ್ಲ ನಾನು ಈ ಅಕ್ಕಾರ ಮಾತು ಹೇಳ್ತೀನಿ."

ನಾದಿನಿ ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಆ ಮನೆಯ ಮಗಳು ಅವಳು. ಸಾವಾಗಿದ್ದರೆ ಮೊದಲು ಸುದ್ದಿ ಬರುವುದು ಅವಳಿಗೆ. ನನ್ನ ಮುಖ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ನಾನೇ, "ಬೇಸ್ತವಾರ ಒಪ್ಪಿಕೊಳ್ಳೇ" ಎಂದೆ. ಅವಳಿಗೆ ಮನಸ್ಸಿರಲಿಲ್ಲ, ಕಣ್ಣ ಸುತ್ತ ಕಪ್ಪಾಗಿತ್ತು, ನಿಂತಲ್ಲೇ ತೂಕಡಿಸುತ್ತಿದ್ದಳು. ಆದರೂ ಆಗಲಿ ಎಂದಳು. ಮೇಷ್ಟ್ರು ಕೈ ಮುಗಿದು ಹೋದರು.

ಬಾಗಿಲು ಮುಂದಕ್ಕೆ ಮಾಡಿ ಅವಳು ನನ್ನ ಎದುರಿಗೆ ಕೂತಳು.

"ಯಾರು ಸತ್ತಿದ್ರು ಅತ್ತಿಗೆ? ನಂಗೆ ಯಾರೂ ಹೇಳೇ ಇಲ್ಲ."

ಕೂಸನ್ನು ಅವಳ ಹೆಗಲಿಂದ ನಾನು ಎತ್ತಿಕೊಂಡೆ.

"ಯಾರೂ ಸತ್ತಿರ್ಲಿಲ್ಲ ಕಣೇ," ಎಂದೆ. "ನಂಗೆ ಸಾಕಾಗಿತ್ತು."