ತಾನಾಗೇ ಬದಲಾಗುವ ಪರದೆ

ಇಂಗ್ಲೆಂಡಿನ ರನ್‌ಕಾರ್ನ್ ಊರಲ್ಲಿ ನಮ್ಮ ಪಕ್ಕದ ಮನೆಯ ಎಂಜಿನಿಯರ್, ಥೀಮ್ ಬದಲಿಸುವ ಸಾಫ್ಟ್‌ವೇರ್ ಹಾಕಿಕೊಂಡು ಮನೆಯ ಕಂಪ್ಯೂಟರಿನ ಪರದೆಯನ್ನೆಲ್ಲ ಕಪ್ಪು ಮಾಡಿದ್ದರು. ಆಗಾಗ ಬೇಲಿಯಾಚೆಯಿಂದ ಕರೆಯುತ್ತಿದ್ದರು: “ತಾನಾಗೇ ಬದಲಾಗ್ಬಿಟ್ಟಿದೆ ಕಣ್ರೀ, ಬಂದು ನೋಡಿ.” ಹೋದರೆ ಪರದೆ ಹಳದಿಯಾಗಿರುತ್ತಿತ್ತು. ಕಿತ್ತಳೆಯೂ ಇದ್ದೀತು, ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅಪ್‌ಡೇಟನ್ನು ಬೈದು, ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿ, ಕಪ್ಪು ಮಾಡಿಕೊಟ್ಟು ಬರುತ್ತಿದ್ದೆ.

ಒಂದು ದಿನ ಅವರ ಹೆಂಡತಿ ಅಡುಗೆಮನೆಯಿಂದಲೇ ನನಗೆ ಹೇಳಿದರು: “ಬದಲಾಯಿಸೋಳು ನಾನೇ. ಮನೇಲಿರೋ ಕತ್ತಲೆ ಸಾಲ್ದಾ ಅಂತ ಅವರನ್ನ ಕೇಳಿ.”

ಇಬ್ಬರೂ ಮಾತು ಬಿಟ್ಟು ತಿಂಗಳುಗಳೇ ಆಗಿವೆಯೆಂದು ಆಗ ತಿಳಿಯಿತು.

“ಪಾಸ್‌ವರ್ಡ್ ಹಾಕ್ಲಾ ಸಾರ್? ಆಮೇಲೆ ಅವರಿಗೆ ಬದಲಾಯಿಸೋಕಾಗಲ್ಲ,” ಎಂದು ಎಂಜಿನಿಯರನ್ನು ಮೆಲ್ಲಗೆ ಕೇಳಿದೆ.

ಅವರು ಎಂದಿನಂತೆ ಅಂಗಿಯ ತುದಿಯಿಂದ ಪರದೆ ಒರೆಸಿದರು.

“ಬೇಡ ಬಿಡಿ. ನಮ್ಮಿಬ್ಬರ ಮಧ್ಯೆ ಇದೊಂದಾದ್ರೂ ನಡೀತಿರ್ಲಿ. ನೀವು ಕಪ್ಪು ಮಾಡಿ.”