ತಾಲೀಮಿನ ಧೋತರ

ಫೇಟಾದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಿಂದ ಅರಿವೆಗೆ ಹುರಿ ಹಾಕುತ್ತ, ಆ ಕಚ್ಚಿದ ಬಾಯಿಂದಲೇ ಮಾತಾಡುತ್ತಿದ್ದರು ನಮ್ಮ ನಾಟಕದ ಸರ್. ಅವರ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಅರಿವೆಯ ತುದಿ ಆ ಸಂದಿಯಲ್ಲಿ ಸರಿಯಾಗಿ ಕೂಡುತ್ತಿತ್ತು. "ಫೇಟಾ ಕಟ್ಟಲಿ ಅಂತನ ದೇವ್ರು ಈ ಹಲ್ಲ ಮುರದಾನ ನೋಡ ಯವ್ವಾ" ಎಂದು ನಗುತ್ತಿದ್ದರು. ಆಗ ನಾವೂ ನಗುತ್ತಿದ್ದೆವು. ಈಗ ನೆನೆಸಿಕೊಂಡರೆ ನನಗೆ ನಗು ಬರುವುದಿಲ್ಲ, ಮೈಯೆಲ್ಲ ಉರಿಯುತ್ತದೆ.

ಹೆಸರಿಗೆ ಅವರು ಇತಿಹಾಸದ ಮಾಸ್ತರರು. ಆದರೆ ಚಿಕ್ಕೋಡಿಯ ನಮ್ಮ ಕಾಲೇಜಿನಲ್ಲಿ ಯಾರೂ ಅವರನ್ನು ಇತಿಹಾಸದ ಸರ್ ಎನ್ನುತ್ತಿರಲಿಲ್ಲ. ವರ್ಷಕ್ಕೊಂದು ನಾಟಕ ಬರೆದು, ಹುಡುಗ ಹುಡುಗಿಯರನ್ನು ಕೂಡಿಸಿ, ಗ್ಯಾದರಿಂಗಿನಲ್ಲಿ ಆಡಿಸುತ್ತಿದ್ದರು. ಕಾಲೇಜಿನ ವಾರ್ಷಿಕ ಸಮಾರಂಭಕ್ಕೆ ನಮ್ಮ ಕಡೆ ಗ್ಯಾದರಿಂಗ್ ಅಂತಲೇ ಹೆಸರು. ಕಬ್ಬಿನ ಕಟಾವು ಮುಗಿಯುತ್ತ ಬಂದು, ಅಥಣಿ ಕಡೆ ದ್ರಾಕ್ಷಿ ಕೊಯ್ಲು ನಡೆದು, ಮಾವಿನ ಗಿಡ ಹೂ ಉದುರಿಸಿ ಮಿಡಿ ಕಟ್ಟುವ ಹೊತ್ತಿಗೆ ಅದು ಬರುತ್ತಿತ್ತು. ಆ ಒಂದು ತಿಂಗಳು ಸರ್ ಬೇರೆಯೇ ಮನುಷ್ಯ. ಪಾಠ ಮುಗಿದದ್ದೇ ತಡ, ಸೈಕಲ್ ಸ್ಟ್ಯಾಂಡಿನ ಹಿಂದಿನ ಖೋಲಿಯಲ್ಲಿ ತಾಲೀಮು. ಪಾತ್ರಗಳು ನಮ್ಮ ಮನೆಯವರ ಹಾಗೆಯೇ ಮಾತಾಡುತ್ತಿದ್ದವು. ಸಿಟ್ಟು ಬಂದರೆ ಕನ್ನಡ, ಅಂಗಡಿಗೆ ಹೋದರೆ ಮರಾಠಿ, ಪೊಲೀಸ್ ಬಂದರೆ ಮುರುಕು ಹಿಂದಿ. "ಪುಸ್ತಕದಾಗಿನ ಮಂದಿ ಬ್ಯಾಡ. ನಮ್ಮ ಓಣ್ಯಾಗಿನ ಮಂದಿ ಬರಬೇಕು ಸ್ಟೇಜಿನ ಮ್ಯಾಲೆ" ಎನ್ನುತ್ತಿದ್ದರು.

ಇಂಥ ಮನುಷ್ಯನಿಗೆ ಫೇಟಾ ಗಂಟು ಬಿದ್ದದ್ದು ನಾಟಕದಿಂದಲೇ. ಪಾತ್ರಕ್ಕೆ ತಕ್ಕ ಹಾಗೆ ಕಟ್ಟುವುದನ್ನು ಅವರು ಕಲಿತಿದ್ದರು. ನಮ್ಮ ಕಡೆ ಅತಿಥಿಗಳಾಗಿ ಬಂದ ಪಾವಣ್ಯಾರಿಗೆ ಶಾಲು ಹೊದಿಸಿದರೂ ಹಾರ ಹಾಕಿದರೂ, ತಲೆಗೆ ಫೇಟಾ ಸುತ್ತದೆ ಸತ್ಕಾರ ಪೂರ್ತಿ ಆಗುವುದಿಲ್ಲ. ಒಬ್ಬನಿಗೆ ಕಟ್ಟಿ ಪಕ್ಕದವನನ್ನು ಬಿಟ್ಟರಂತೂ ಮುಗಿಯಿತು, ಮುಖ ಗಂಟು ಹಾಕಿಕೊಂಡು ಎದ್ದು ಹೋಗುತ್ತಾನೆ, ಮತ್ತೆ ವರ್ಷಗಟ್ಟಲೆ ಮಾತಿಲ್ಲ. ಹಾಗಾಗಿ ಕಾಲೇಜಿನ ಚೇರ್ಮನ್ನರು ಯಾರನ್ನೂ ಬಿಡುತ್ತಿರಲಿಲ್ಲ. ದೇಣಿಗೆ ಕೊಟ್ಟವರಿಗೆ ಫೇಟಾ, ಕೊಡಬಹುದು ಅನ್ನಿಸಿದವರಿಗೆ ಫೇಟಾ, ಅವರ ಜೊತೆ ಗಾಡಿಯಲ್ಲಿ ಬಂದ ಭಾವಮೈದುನನಿಗೂ ಫೇಟಾ. ಕಟ್ಟುವವರು ಮಾತ್ರ ಒಬ್ಬರೇ. ಮೈಕಿನಲ್ಲಿ "ಸರ್, ಬರ್ರಿ" ಎಂದು ಕೂಗಿದರೆ ಸಾಕು, ನಾಟಕದ ಕೆಲಸ ಅಲ್ಲಿಯೇ ಬಿಟ್ಟು ಓಡುತ್ತಿದ್ದರು. ಅವರ ನೌಕರಿ ಕಾಯಂ ಆಗಿರಲಿಲ್ಲ. ಪ್ರತಿ ಜೂನಿನಲ್ಲಿ ಚೇರ್ಮನ್ನರು ಹೂಂ ಅಂದರೆ ಮಾತ್ರ ಮುಂದಿನ ವರ್ಷ. ಅದು ನಮಗೆಲ್ಲ ಗೊತ್ತಿತ್ತು, ಚೇರ್ಮನ್ನರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಸರ್ ನನಗಾಗಿ ಒಂದು ನಾಟಕ ಬರೆದರು. ನನಗಾಗಿ ಅಂದರೆ ನನಗಾಗಿಯೇ, ಇದರಲ್ಲಿ ನನಗೆ ಸಂಕೋಚವಿಲ್ಲ. ಕ್ಲಾಸಿನಲ್ಲಿ ನಾನು ವಾದ ಮಾಡುವುದನ್ನು ನೋಡಿ, "ಇಕಿ ಬಾಯಿ ಭಾಳ ಐತಿ, ಇದನ್ನ ವ್ಯರ್ಥ ಮಾಡಬಾರ್ದು" ಅಂದಿದ್ದರು. ನಾಟಕದಲ್ಲಿ, ಅಪ್ಪ ಸತ್ತ ಮೇಲೆ ಕಾಕಂದಿರು ಸೇರಿ ತಾಯಿ ಮಗಳನ್ನು ಹೊಲದಿಂದ ಹೊರಗೆ ಹಾಕಲು ಪಂಚರನ್ನು ಕೂಡಿಸುತ್ತಾರೆ. ಹೆಂಗಸರ ಮಾತು ಕೇಳುವುದಿಲ್ಲ, ಮನೆಯ ಗಂಡಸು ಯಾರಿದ್ದಾನೆ, ಅವನನ್ನು ಕರೆಯಿರಿ ಎನ್ನುತ್ತಾರೆ ಪಂಚರು. ಆಗ ಮಗಳು ಗೂಟಕ್ಕೆ ತೂಗುಹಾಕಿದ್ದ ಅಪ್ಪನ ಫೇಟಾ ಇಳಿಸಿ, ಎಲ್ಲರ ಎದುರಿಗೆ ನಿಂತು, ತನ್ನ ತಲೆಗೆ ತಾನೇ ಕಟ್ಟಿಕೊಳ್ಳುತ್ತಾಳೆ. ಕಟ್ಟಿ ಮುಗಿಯುವವರೆಗೆ ಒಂದೂ ಮಾತಿಲ್ಲ. ಮುಗಿದ ಮೇಲೆ, "ನಾ ಬಂದೇನಿ. ಈಗ ಹೇಳ್ರಿ."

ಇಷ್ಟೇ. ಆದರೆ ಇಷ್ಟಕ್ಕಾಗಿ ನಾನು ಒಂದು ತಿಂಗಳು ಹಳೆಯ ಧೋತರವೊಂದನ್ನು ತಲೆಗೆ ಸುತ್ತಿ ಸುತ್ತಿ ಬಿಚ್ಚಿದೆ. ನಿಜವಾದ ಫೇಟಾ ಸರ್ ತಂದೆಯವರದು, ಗುಲಾಬಿ ಬಣ್ಣ, ಜರಿ ಅಂಚು. ಅದನ್ನು ಗ್ಯಾದರಿಂಗಿನ ದಿನ ಮಾತ್ರ ಮುಟ್ಟಬೇಕು, ತಾಲೀಮಿಗೆ ಧೋತರವೇ ಗತಿ ಎಂದು ಸರ್ ಮೊದಲೇ ಹೇಳಿದ್ದರು. ಧೋತರದ ತುದಿ ಹಲ್ಲಿನಿಂದ ಜಾರಿದರೆ ಬೈಯುತ್ತಿದ್ದರು. "ಗಟ್ಟಿ ಹಿಡಿ ಯವ್ವಾ. ಅವಸರ ಮಾಡಬ್ಯಾಡ. ಪಂಚರು ಕಾಯಲಿ, ಮಂದಿ ಕಾಯಲಿ. ಇಷ್ಟ ದಿನ ನೀವು ಹೆಣ್ಣಮಕ್ಕಳೆಲ್ಲಾ ಕಾದೀರಿ."

ನಮ್ಮ ಅಪ್ಪನನ್ನು ಒಪ್ಪಿಸಲು ಅವರೇ ನಮ್ಮ ಊರಿಗೆ, ಅಕ್ಕೋಳಕ್ಕೆ ಬಂದಿದ್ದರು. ಹತ್ತಿರದ ಭೋಜ ಊರಿನ ಒಂದು ಮನೆತನದವರು ನನ್ನನ್ನು ನೋಡಿ ಒಪ್ಪಿ ಹೋಗಿದ್ದರು, ಪರೀಕ್ಷೆ ಮುಗಿದ ಕೂಡಲೇ ಮದುವೆ. ಇಂಥ ಹೊತ್ತಿನಲ್ಲಿ ಮಗಳು ಸ್ಟೇಜು ಹತ್ತುವುದೆಂದರೆ ಅಪ್ಪನಿಗೆ ಜೀವ ಹಿಡಿಯಾಗಿತ್ತು.

"ಕುಣಿಯೂದು ಗಿಣಿಯೂದು ಏನೂ ಇಲ್ಲಲ್ರಿ ಸರ?"

"ಇಲ್ರಿ ಅಣ್ಣಾರ. ನಿಮ್ಮ ಮಗಳು ಫೇಟಾ ಸುತ್ಕೊಂಡು ಪಂಚರ ಕೂಡ ಜಗಳಾ ತಗೀತಾಳ, ಅಷ್ಟ."

ಅಪ್ಪ ನಕ್ಕುಬಿಟ್ಟ. "ಹಂಗಾರ ಹೊಸಾದೇನೈತ್ರಿ? ಮನ್ಯಾಗ ದಿನಾ ಅದನ್ನ ಮಾಡ್ತಾಳ. ಆದ್ರ ಹೊತ್ತ ಮುಳುಗೂದ್ರಾಗ ಮನಿಗೆ ಕಳಿಸ್ರಿ. ಬೀಗರ ಊರು ದೂರಿಲ್ಲ, ಮಾತು ಬರಬಾರ್ದು."

ಸರ್ ಒಪ್ಪಿದರು. ಮಧ್ಯಾಹ್ನ ಊಟ ಆದ ಕೂಡಲೇ ಮೊದಲ ಕಾರ್ಯಕ್ರಮ ನಮ್ಮದೇ ಎಂದು ಚೇರ್ಮನ್ನರಿಂದ ಮಾತು ತೆಗೆದುಕೊಂಡಿದ್ದರು.

ಗ್ಯಾದರಿಂಗಿನ ದಿನ ಕಾಲೇಜಿನ ಮೈದಾನದಲ್ಲಿ ಪೆಂಡಾಲ್. ಒಳಗೆ ಬಿಸಿಲಿನ ಝಳ, ಹೊರಗೆ ಐಸ್‌ಕ್ರೀಮ್ ಗಾಡಿ. ನಾನು ಮುಂಜಾನೆಯೇ ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಕೂತಿದ್ದೆ. ಸತ್ಕಾರ ಶುರುವಾಯಿತು. ಊಟದ ಹೊತ್ತಾಯಿತು, ಸತ್ಕಾರ ನಡೆದೇ ಇತ್ತು. ಊಟ ಮುಗಿಯಿತು, ಉಳಿದವರ ಸತ್ಕಾರ. ಸತ್ಕಾರ ಮಾಡಿಸಿಕೊಂಡವರೆಲ್ಲ ಎರಡು ಮಾತು ಅಂತ ಎದ್ದು ತಮ್ಮ ಹುಟ್ಟಿದ ಕಥೆಯಿಂದ ಶುರು ಮಾಡುತ್ತಿದ್ದರು. ಪರದೆಯ ಸಂದಿಯಿಂದ ನೋಡಿದರೆ ಕಟ್ಟಕಡೆಯ ಸಾಲಿನಲ್ಲಿ ಅಪ್ಪ ಕಾಣುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅವನಿಗೆ ನಾಟಕ ನೋಡುವ ಆಸೆ ಇತ್ತು ಎಂಬುದು ನನಗೆ ಆವಾಗಲೇ ತಿಳಿದದ್ದು.

ಬಿಸಿಲು ಇಳಿಯುವ ಹೊತ್ತಿಗೆ ಮೈಕಿನಲ್ಲಿ ನಾಟಕದ ಹೆಸರು ಕೂಗಿದರು. ಸರ್ ಆ ಗುಲಾಬಿ ಫೇಟಾವನ್ನು ಗೂಟಕ್ಕೆ ತೂಗುಹಾಕುತ್ತಿದ್ದರು. ಅಷ್ಟರಲ್ಲಿ ಚೇರ್ಮನ್ನರು ಏದುಸಿರು ಬಿಡುತ್ತ ಪರದೆಯ ಹಿಂದೆ ಬಂದರು.

"ಸರ, ಘಾತ ಆತು! ರಾಯಬಾಗದ ಪಾವಣ್ಯಾರು ಮುಂದಿನ ಸಾಲಿನ್ಯಾಗ ಕುಂತಾರ, ಅವರದ ಸತ್ಕಾರನ ಬಿಟ್ಟೀವಿ. ಎದ್ದ ಹೊಂಟಾರ. ಲವಕರ್ ಬರ್ರಿ, ಒಂದ ಫೇಟಾ ಕಟ್ರಿ."

"ತಂದಿದ್ದೆಲ್ಲಾ ಮುಗದಾವಲ್ರಿ ಸಾಹೇಬ್ರ."

ಚೇರ್ಮನ್ನರು ಗೂಟದ ಕಡೆ ನೋಡಿದರು. "ಅದ ಐತೆಲ್ಲಾ."

ನಾನು ಸರ್ ಮುಖ ನೋಡಿದೆ. ಆಗೂದಿಲ್ಲ ಅನ್ನುತ್ತಾರೆ ಅಂದುಕೊಂಡೆ. ಒಂದು ಮಾತು. "ಅದು ನಾಟಕದ್ದು, ನಮ್ಮಪ್ಪಂದು, ಆಗೂದಿಲ್ಲ" ಅಂದರೆ ಸಾಕಿತ್ತು. ಸರ್ ಬಾಯಿ ತೆರೆದರು. ಆಮೇಲೆ ಗೂಟದಿಂದ ಫೇಟಾ ಇಳಿಸಿ, ಅದರ ತುದಿಯನ್ನು ಹಲ್ಲಿಗೆ ಕಚ್ಚಿಕೊಂಡು, ನನ್ನ ಕಡೆ ನೋಡದೆ, "ಐದ ನಿಮಿಷ ಯವ್ವಾ, ಕಟ್ಟಿ ಬಂದ್ನಿ" ಎಂದು ಹೊರಗೆ ಹೋದರು.

ರಾಯಬಾಗದ ಪಾವಣ್ಯಾರು ಆ ಫೇಟಾ ಧರಿಸಿ ಭಾಷಣಕ್ಕೆ ನಿಂತರು. ಅವರ ಮಾತು ಮುಗಿಯುವ ಹೊತ್ತಿಗೆ ಮಿರಜದಿಂದ ಬಂದ ಆರ್ಕೆಸ್ಟ್ರಾದ ಹುಡುಗರು ತಮ್ಮ ಟೈಮ್ ಆಯಿತೆಂದು ಸ್ಪೀಕರ್ ಸ್ಟೇಜಿಗೆ ಏರಿಸತೊಡಗಿದ್ದರು. ಪಾವಣ್ಯಾರು ತಲೆಯ ಮೇಲಿನ ಫೇಟಾ ಸಮೇತ ಗಾಡಿ ಹತ್ತಿ ಹೋದರು. ಕೊಟ್ಟ ಸತ್ಕಾರವನ್ನು ವಾಪಸ್ ಕೇಳುವುದುಂಟೇ? ಸರ್ ಕೈಮುಗಿದು ನಿಂತಿದ್ದರು.

ಅಪ್ಪ ಪರದೆಯ ಹಿಂದೆ ಬಂದ. "ನಡಿ ಅವ್ವಿ, ಹೊತ್ತ ಮುಳುಗಾಕ ಬಂತು" ಅಂದ. ಗಾಡಿಯ ಕೀಲಿ ತೆಗೆಯುತ್ತ, "ನಾನೂ ನೋಡಬೇಕಂತ ಬಂದಿದ್ನಿ" ಅಂದ. ಸರ್ ಗಾಡಿಯವರೆಗೂ ಬಂದರು. "ಮುಂದಿನ ವರ್ಷ ಮೊದಲ ನಿನ್ನ ನಾಟಕನ" ಅಂದರು. ನನಗೆ ಮುಂದಿನ ವರ್ಷ ಇಲ್ಲವೆಂದು ಅವರಿಗೆ ಗೊತ್ತಿತ್ತು. ಲಗ್ನಪತ್ರಿಕೆ ಕೊಡಲು ಅಪ್ಪ ಅವರ ಮನೆಗೇ ಮೊದಲು ಹೋಗಿದ್ದ. ಬಣ್ಣ ಹಚ್ಚಿದ ಮುಖದಲ್ಲೇ ಅಪ್ಪನ ಗಾಡಿಯ ಹಿಂದೆ ಕೂತು ಅಕ್ಕೋಳಕ್ಕೆ ಬಂದೆ. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳ ಧೂಳು ಮುಖದ ಬಣ್ಣಕ್ಕೆ ಮೆತ್ತಿಕೊಂಡಿತು.

ಮದುವೆಯಾಗಿ ಕೆಲವು ವರ್ಷಗಳ ಮೇಲೆ ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಸರ್ ಸಿಕ್ಕಿದ್ದರು. ನಿವೃತ್ತಿಯಾಗಿತ್ತು, ಕೊನೆಗೂ ಕಾಯಂ ಆಗದೆಯೇ. ಅವರು ಹೋದ ಮೇಲೆ ಕಾಲೇಜಿನಲ್ಲಿ ನಾಟಕ ಬಂದ್ ಆಗಿತ್ತು, ಡಿ.ಜೆ. ಬಂದಿತ್ತು. ಫೇಟಾಗಳನ್ನೂ ಈಗ ಹೊಲಿಸಿಯೇ ತರುತ್ತಾರೆ, ಅನಾಮತ್ತು ತಲೆಯ ಮೇಲೆ ಇಟ್ಟುಬಿಡುವುದು. "ಅದ ಫೇಟಾ ಅಲ್ಲವಾ, ಟೊಪಗಿ" ಎಂದು ಸರ್ ಮುಖ ಕಿವುಚಿದರು. ಚಹಾ ಕುಡಿಯುತ್ತ ನಾನು ಕೇಳಿಯೇಬಿಟ್ಟೆ.

"ಅವತ್ತ ನೀವು ಆಗೂದಿಲ್ಲ ಅನ್ನಬೇಕಿತ್ರಿ ಸರ್."

ಅವರು ಕಪ್ಪು ಕೆಳಗಿಟ್ಟರು. "ಅನ್ನಬೇಕಂತ ಬಾಯಿ ತಗದಾಗೊಮ್ಮೆ ಅದರಾಗ ಯಾರದರ ಫೇಟಾ ಇರತಿತ್ತ ಯವ್ವಾ" ಎಂದು ಮುರುಕು ಹಲ್ಲು ತೋರಿಸಿ ನಕ್ಕರು. ನಾನು ನಗಲಿಲ್ಲ. ನನಗೆ ಅವರ ಮೇಲೆ ಎಷ್ಟು ಪ್ರೀತಿಯಿತ್ತೋ ಅಷ್ಟೇ ಸಿಟ್ಟೂ ಇತ್ತು, ಎರಡರಲ್ಲಿ ಒಂದೂ ಈವರೆಗೆ ಕಡಿಮೆಯಾಗಿಲ್ಲ.

ಮೊನ್ನೆ ಮಾಘ ಮಾಸದಲ್ಲಿ ಸರ್ ತೀರಿಹೋದರು. ಸುದ್ದಿ ತಿಳಿದು ಭೋಜದಿಂದ ಮೊದಲ ಬಸ್ಸಿಗೆ ಹೋದೆ. ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ. ತಲೆಗೆ ಕಾಲೇಜಿನವರು ತಂದಿದ್ದ ಹೊಲಿದ ಫೇಟಾ. ಅಳತೆ ದೊಡ್ಡದಾಗಿ ಕಣ್ಣ ಮೇಲೆ ಜಾರಿತ್ತು. ಅವರ ಮಗ್ಗುಲಲ್ಲಿ ಚೇರ್ಮನ್ನರು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಹೋಗಿ ಆ ಟೊಪಗಿಯನ್ನು ತೆಗೆದು ಕೆಳಗಿಟ್ಟೆ. ಗಂಡಸರು "ಏ, ಏನ್ ಮಾಡಾಕತ್ತೀ?" ಅಂದರು. ಸರ್ ಹೆಂಡತಿ ಮಾತ್ರ ನನ್ನನ್ನು ಒಂದು ಕ್ಷಣ ನೋಡಿ, ಎದ್ದು ಒಳಗೆ ಹೋಗಿ, ಟ್ರಂಕಿನಿಂದ ಒಂದು ಅರಿವೆ ತಂದು ನನ್ನ ಕೈಗೆ ಕೊಟ್ಟರು. ತಾಲೀಮಿನ ಧೋತರ. ಹಳದಿ ತಿರುಗಿತ್ತು, ತುದಿಯಲ್ಲಿ ಹಲ್ಲಿನ ಗುರುತು.

ಆ ತುದಿಯನ್ನೇ ಕಚ್ಚಿ ಹಿಡಿದು ಕಟ್ಟತೊಡಗಿದೆ. ಅವಸರ ಮಾಡಲಿಲ್ಲ. ಬಾಯಲ್ಲಿ ಅರಿವೆ ಇದ್ದರೆ ಅಳಲೂ ಬರುವುದಿಲ್ಲ. ಪಡಸಾಲೆ, ಅಂಗಳ, ರಸ್ತೆಯವರೆಗೂ ಮಂದಿ ಸುಮ್ಮನಾಗಿ ನೋಡುತ್ತಿದ್ದರು. ನಾಟಕದಲ್ಲಿ ಸರ್ ಬಯಸಿದ್ದು ಇದೇ ಮೌನ. ನೋಡಲು ಅವರಿಲ್ಲ, ನಮ್ಮ ಅಪ್ಪನೂ ಇಲ್ಲ.

ಕೊನೆಯ ಸುತ್ತು ಸಿಕ್ಕಿಸುತ್ತಿದ್ದಾಗ ಬೆನ್ನ ಹಿಂದೆ ಚೇರ್ಮನ್ನರ ದನಿ. "ಯಾರ್ರೀ ಇಕಿ? ಏನ್ ಚೆಂದ ಕಟ್ಯಾಳ್ರಿ! ತಂಗಿ, ಮುಂದಿನ ತಿಂಗಳ ನಮ್ಮ ಗ್ಯಾದರಿಂಗ್ ಐತಿ, ದೊಡ್ಡ ಪಾವಣ್ಯಾರು ಬರಾಕತ್ತಾರ. ನೀನ ಬಂದು ಕಟ್ಟಬೇಕ ನೋಡ."

ನಾನು ಹಲ್ಲಿನಿಂದ ಧೋತರದ ತುದಿ ಬಿಟ್ಟೆ. ಅದನ್ನು ಸರ್ ಹೆಗಲ ಮೇಲೆ ಇಳಿಬಿಟ್ಟು, ತಿರುಗಿ ನಿಂತೆ.

"ಆಗೂದಿಲ್ರಿ" ಅಂದೆ.

ಸರ್ ಬಾಯಿಂದ ಒಮ್ಮೆಯಾದರೂ ಕೇಳಬೇಕೆಂದಿದ್ದ ಮಾತು ಅದು. ಅವರ ಎದುರಿಗೇ, ನಾನು ಹೇಳಬೇಕಾಯಿತು.