ಒಂದನೆಯ ಕಲ್ಲು

ನೆಲಕ್ಕೆ ಹಾಸಿದ, ಬಿಸಿಲಿಗೆ ಕಾದ ಪರ್ಸಿಕಲ್ಲಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಣ್ಣಿನ ವಾಸನೆಯಲ್ಲ ಅದು. ಸುಣ್ಣ, ಬಿಸಿಲು, ಒರೆಸಿದ ಸ್ಲೇಟು ಮೂರೂ ಸೇರಿದಂಥದ್ದು. ನಮ್ಮ ಕಡೆ ಹುಟ್ಟಿದವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿದರೂ ತಿಳಿಯುವುದಿಲ್ಲ. ಮೊನ್ನೆ ಚಂದಾಪುರದ ಶಾಲೆಯೊಂದರಲ್ಲಿ, ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಮೇಲ್ವಿಚಾರಕಿಯಾಗಿ ನಿಂತಿದ್ದಾಗ ಹೊರಗೆ ಯಾರೋ ಪಡಸಾಲೆಗೆ ಒಂದು ಬಕೆಟ್ ನೀರು ಚೆಲ್ಲಿದರು. ಆ ವಾಸನೆ ಕಿಟಕಿಯಿಂದ ನೇರ ಒಳಗೆ ಬಂತು. ಮುಂದಿನ ಬೆಂಚಿನ ಹುಡುಗಿ ಅವಿಭಾಜ್ಯ ಸಂಖ್ಯೆಯ ಪ್ರಶ್ನೆಯ ಮೇಲೆ ಪೆನ್ನಿಟ್ಟು ಸುಮ್ಮನೆ ಕೂತಿದ್ದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಮೇಲ್ವಿಚಾರಕಿ ಅಳುವುದನ್ನು ಮಕ್ಕಳು ನೋಡಬಾರದಲ್ಲ.

ಶಹಾಬಾದಿನ ಆ ಮನೆಯಲ್ಲಿ ನಾವು ಮೂವರೇ ಇದ್ದೆವು: ಆಯಿ, ಎಂದರೆ ನನ್ನ ಅಪ್ಪನ ತಾಯಿ, ಅಪ್ಪನ ತಂಗಿ ಜಗದೇವಿ ಅತ್ತಿ, ಮತ್ತೆ ನಾನು. ನನ್ನ ಅವ್ವ ತೀರಿಕೊಂಡಿದ್ದಳು. ಅಪ್ಪ ಇನ್ನೊಂದು ಮದುವೆಯಾಗಿ ಆದಿತ್ಯನಗರದ ಕ್ವಾರ್ಟರ್ಸಿನಲ್ಲಿದ್ದ. ಅತ್ತಿಯನ್ನು ಸುಲೇಪೇಟಕ್ಕೆ ಕೊಟ್ಟಿದ್ದರಂತೆ. ವರ್ಷ ತುಂಬುವುದರೊಳಗೆ ತಿರುಗಿ ಬಂದಳು. ಯಾಕೆ ಬಂದಳೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಓಣಿಯ ಹೆಂಗಸರು ಮದುವೆಗೆ ಕರೆಯಲು ಬಂದರೆ ಆಯಿಯನ್ನು ಕರೆದು ಹೋಗುತ್ತಿದ್ದರು. ಪಕ್ಕದಲ್ಲೇ ನಿಂತ ಅತ್ತಿಗೆ ಕುಂಕುಮ ಹಚ್ಚಬೇಕೋ ಬೇಡವೋ ಎಂದು ಅವರ ಕೈ ತಡವರಿಸುತ್ತಿತ್ತು. ಅಷ್ಟರಲ್ಲಿ ಅತ್ತಿಯೇ ಏನೋ ಕೆಲಸ ನೆನಪಾದವಳಂತೆ ಒಳಗೆ ಹೋಗಿಬಿಡುತ್ತಿದ್ದಳು.

ನಾನು ಐದನೇ ಇಯತ್ತೆಯಲ್ಲಿ ಓದುತ್ತಿದ್ದಾಗ ಅಪ್ಪ ಬಂದು ಒಂದು ಮಾತು ಹೇಳಿ ಹೋದ. "ಸೇಡಂ ವಸತಿ ಸಾಲಿ ಪರೀಕ್ಷಾ ಪಾಸಾದ್ರ ಅಲ್ಲೇ ಓದ್ಲಿ, ಸೂಟಿಗೆ ನಿಮ್ಮ ಕಡಿಗೇ ಬರ್ಲಿ. ಇಲ್ಲಂದ್ರ ನಾ ಕರ್ಕೊಂಡು ಹೋಗ್ತೀನಿ. ಮನ್ಯಾಗ ಕೂಸು ನೋಡ್ಕೊಳ್ಳವರು ಬೇಕಾಗ್ಯಾರ." ಅತ್ತಿ ಆ ಹೊತ್ತು ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಲ್ಲಲಿಲ್ಲ. ಆದರೆ ಮರುದಿನವೇ ಪೇಟೆಗೆ ಹೋಗಿ ಒಂದು ಹಳೆಯ ಗೈಡು ತಂದಳು. ಪಾಸಾದರೆ ನಾನು ರಜೆಗಾದರೂ ಅವಳವಳು, ಫೇಲಾದರೆ ಪೂರಾ ಹೋದಂತೆ. ನಮ್ಮಿಬ್ಬರಿಗೂ ಅದು ತಿಳಿದಿತ್ತು.

ಉಳಿದ ಲೆಕ್ಕಗಳು ಹೇಗೋ ತಲೆಗೆ ಹೋದವು, ಅವಿಭಾಜ್ಯ ಸಂಖ್ಯೆ ಮಾತ್ರ ಹೋಗಲೊಲ್ಲದು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಅತ್ತಿಗೂ ಅದು ಹೊಸದೇ. ಅವಳು ಗೈಡು ಓದುವಾಗ ತುಟಿ ಅಲುಗುತ್ತಿದ್ದವು, ಎರಡೆರಡು ಸಲ ಹಿಂದಿನ ಪುಟಕ್ಕೆ ಹೋಗುತ್ತಿದ್ದಳು. ಬೇಸಿಗೆಯಲ್ಲಿ ಹೊತ್ತಿಳಿದ ಮೇಲೆ ಅಂಗಳದ ಪರ್ಸಿಗೆ ನೀರು ಚೆಲ್ಲಿ ಆರಿಸಿ, ಅದರ ಮೇಲೆ ಹಾಸಿಗೆ ಹಾಸುವುದು ನಮ್ಮ ರೂಢಿ. ಒಂದು ಸಂಜೆ ಅತ್ತಿ ತಂಬಿಗೆ ಹಿಡಿದು ಅಂಗಳ ನೋಡುತ್ತ ನಿಂತಳು, ಆಮೇಲೆ ಇದ್ದಿಲು ತಂದು ಸಾಲಿಗೆ ಹತ್ತರಂತೆ ಹತ್ತು ಸಾಲು ಕಲ್ಲಿಗೆ ಗೆರೆ ಹಾಕಿದಳು. ಹೊಸ್ತಿಲ ಬುಡದ ಕಲ್ಲು ಒಂದು. ಎರಡನ್ನು ಬಿಟ್ಟು ಎರಡೆರಡಕ್ಕೆ ನೀರು, ಮೂರನ್ನು ಬಿಟ್ಟು ಮೂರುಮೂರಕ್ಕೆ, ಹಾಗೆಯೇ ಐದರ ಸರದಿ, ಏಳರ ಸರದಿ. ನಾನು ಎಣಿಸುತ್ತ ಜಿಗಿಯುವುದು, ಅವಳು ಹಿಂದೆ ಹಿಂದೆ ನೀರು ಹಾಕುವುದು. ಕೊನೆಗೆ ಯಾರ ಸರದಿಗೂ ಸಿಗದೆ ಒಣಗಿ ಉಳಿದ ಕಲ್ಲುಗಳೇ ಅವಿಭಾಜ್ಯ. ಆಯಿಗೆ ಮಾತ್ರ ಇದು ಹಿಡಿಸಲಿಲ್ಲ. ನಡುನಡುವೆ ಕಲ್ಲು ಬಿಟ್ಟರೆ ಮಲಗಿದಾಗ ನಡಾ ಸುಡುತ್ತದೆಂದು ಗೊಣಗುತ್ತಿದ್ದಳು. ಆಟ ಮುಗಿದ ಮೇಲೆ ಅವಕ್ಕೂ ನೀರು ಹಾಕಬೇಕಾಗುತ್ತಿತ್ತು.

ಏಳರ ಸರದಿ ಬರುವ ಹೊತ್ತಿಗೆ ನೀರು ಬೀಳಬೇಕಾದ ಮೂರೇ ಕಲ್ಲು ಬಾಕಿ ಇರುತ್ತಿದ್ದವು: ನಲವತ್ತೊಂಬತ್ತು, ಎಪ್ಪತ್ತೇಳು, ತೊಂಬತ್ತೊಂದು. ಅದರಲ್ಲೂ ತೊಂಬತ್ತೊಂದು ಬಚ್ಚಲ ಮಗ್ಗುಲಿನದು. ನಾವು ಹಾಕದಿದ್ದರೂ ಸದಾ ಹಸಿ, ಪಾಚಿ ಬೇರೆ. ನಾನು ಅದರ ಮೇಲೆ ಜಾರಿ ಬಿದ್ದು ಮೊಣಕೈ ತರಚಿಕೊಂಡೆ. ಅತ್ತಿ ಅರಿಶಿನ ಹಚ್ಚುತ್ತ ನಕ್ಕೇ ನಕ್ಕಳು.

ಸಂದೇಹ ಉಳಿದದ್ದು ಒಂದನೆಯ ಕಲ್ಲಿನದು. ಅದು ಯಾರ ಸರದಿಗೂ ಸಿಗುವುದಿಲ್ಲ, ಅಂದ ಮೇಲೆ ಅವಿಭಾಜ್ಯ ಯಾಕಲ್ಲ ಎಂದು ನಾನು ಜಗಳ ತೆಗೆದೆ. ಅತ್ತಿ ಗೈಡು ತೆಗೆದು ಬಹಳ ಹೊತ್ತು ಓದಿದಳು.

"ಅವಿಭಾಜ್ಯ ಆಗ್ಲಿಕ್ಕೂ ಇಬ್ಬರು ಬೇಕು ನೋಡು, ಅಂಬು. ಒಂದು, ಮತ್ತ ತಾನು. ಇದಕ್ಕ ತನ್ನ ಬಿಟ್ರ ಇನ್ನೊಬ್ಬರಿಲ್ಲ. ಅದಕ್ಕ ಇದು ಈ ಕಡಿಗೂ ಇಲ್ಲ, ಆ ಕಡಿಗೂ ಇಲ್ಲ."

"ಮತ್ತ ನೀರು ಹಾಕ್ಬೇಕೋ, ಬಿಡ್ಬೇಕೋ?"

"ಹಾಕಲೂ ಬ್ಯಾಡ, ಬಿಡಲೂ ಬ್ಯಾಡ. ಅದರ ಮ್ಯಾಲ ನಾ ಕುಂದರ್ತೀನಿ."

ಅಂದಿನಿಂದ ಅದು ಅವಳ ಜಾಗವಾಯಿತು. ನೀರು ಹಾಕುವ ಮೊದಲು ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಅಲ್ಲಿ ಕೂತು, ನಾನು ಜಿಗಿಯುವುದನ್ನು ನೋಡುತ್ತಿದ್ದಳು. ಎಣಿಕೆ ತಪ್ಪಿದರೆ ಒಂದು ಬೇಳೆ ನನ್ನತ್ತ ಎಸೆಯುತ್ತಿದ್ದಳು.

ಪರೀಕ್ಷೆ ಚಿತ್ತಾಪುರದಲ್ಲಿತ್ತು. ಎಂಬತ್ತೇಳು, ತೊಂಬತ್ತೊಂದು, ತೊಂಬತ್ಮೂರು, ತೊಂಬತ್ತೇಳು, ಇವುಗಳಲ್ಲಿ ಅವಿಭಾಜ್ಯ ಯಾವುದು ಎಂದು ಕೇಳಿದ್ದರು. ಎಂಬತ್ತೇಳೂ ತೊಂಬತ್ಮೂರೂ ಮೂರರ ಸರದಿಯವು. ನನಗೆ ಬರುತ್ತಿದ್ದ ಯಾವ ಮಗ್ಗಿಯಲ್ಲೂ ತೊಂಬತ್ತೊಂದು ಇರಲಿಲ್ಲ. ಅದಕ್ಕೇ ಗುರುತು ಹಾಕಲು ಹೋದೆ. ಆಗ ಮೊಣಕೈ ನೆನಪಾಯಿತು. ಅದು ಹಸಿ ಕಲ್ಲು. ಒಣಗಿದ್ದು ತೊಂಬತ್ತೇಳು. ಹೊರಗೆ ಬಂದಾಗ ಬೇವಿನ ಗಿಡದ ಕೆಳಗೆ ಬುತ್ತಿ ಹಿಡಿದು ನಿಂತಿದ್ದ ಅತ್ತಿ, ಊಟವನ್ನೂ ಕೇಳದೆ, ತೊಂಬತ್ತೊಂದು ಬಂದಿತ್ತೇನು ಎಂದು ಕೇಳಿದಳು. ಬಂದಿತ್ತು, ಬಿಟ್ಟೆ ಎಂದೆ. ರಸ್ತೆಯಲ್ಲೇ ನನ್ನ ಗಲ್ಲ ಹಿಡಿದು ಮುದ್ದಿಟ್ಟಳು.

ಪಾಸಾದೆ. ಸೇಡಂಗೆ ಹೋದೆ. ದೀಪಾವಳಿ ಸೂಟಿಗೆ ಬಂದಾಗ ಅತ್ತಿ ಸ್ವಲ್ಪ ಬಡವಾಗಿದ್ದಳು, ಕಣ್ಣು ಹಳದಿಯಾಗಿದ್ದವು. ಬೇಸಿಗೆಗೆ ಬಾ, ಅಂಗಳ ಕಾಯ್ಲಿಕತ್ತದ ಎಂದಿದ್ದಳು. ವಾರ್ಷಿಕ ಪರೀಕ್ಷೆ ಮುಗಿದ ದಿನ ಕರೆದೊಯ್ಯಲು ಅಪ್ಪ ಬಂದ. ಬಸ್ಸು ಊರು ದಾಟಿದ ಮೇಲೆ ಹೇಳಿದ: ಅತ್ತಿ ಹೋಗಿ ದಿನಗಳಾದವು, ಮಣ್ಣೂ ಆಯಿತು, ಪರೀಕ್ಷೆ ಕೆಡಬಾರದೆಂದು ಹೇಳಿ ಕಳಿಸಲಿಲ್ಲ. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಯಾವ ಪರೀಕ್ಷೆ? ಯಾರ ಸಲುವಾಗಿ ಬರೆದ ಪರೀಕ್ಷೆ?

ಆಯಿ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳನ್ನೂ ನನ್ನನ್ನೂ ತನ್ನ ಮನೆಗೆ ಕರೆದೊಯ್ಯಲು ಅಪ್ಪ ಗಂಟು ಕಟ್ಟುತ್ತಿದ್ದ. ಹೊತ್ತಿಳಿದಿತ್ತು. ನಾನು ಬಕೆಟ್ ತುಂಬಿ, ತಂಬಿಗೆ ತೆಗೆದುಕೊಂಡು ಅಂಗಳಕ್ಕೆ ಬಂದೆ. ನಾನೇ ಎಣಿಸಿದೆ, ನಾನೇ ನೀರು ಹಾಕಿದೆ. ಎರಡರ ಸರದಿ, ಮೂರರದು, ಐದರದು, ಏಳರದು. ಬಚ್ಚಲು ಹೆಚ್ಚು ಬಳಸುವವರಿಲ್ಲದೆ ತೊಂಬತ್ತೊಂದು ಒಣಗಿ ನಿಂತಿತ್ತು. ಮೊದಲ ಸಲ ಅದಕ್ಕೂ ನೀರು ಹಾಕಬೇಕಾಯಿತು. ನಡುನಡುವೆ ಯಾಕೆ ಬಿಟ್ಟೆ ಎಂದು ಆಯಿ ಒಳಗಿನಿಂದ ಬೈಯಲಿಲ್ಲ. ಕಡೆಗೆ ತಂಬಿಗೆಯಲ್ಲಿ ಉಳಿದ ನೀರು ಹಿಡಿದು ಹೊಸ್ತಿಲ ಬುಡಕ್ಕೆ ಬಂದು ನಿಂತೆ.

ಹಾಕಲೂ ಬೇಡ, ಬಿಡಲೂ ಬೇಡ. ನಾನೇ ಅದರ ಮೇಲೆ ಕೂತೆ. ಕಲ್ಲು ಲಂಗದೊಳಗಿಂದ ಸುಡುತ್ತಿತ್ತು, ಏಳಲಿಲ್ಲ. ಆ ಧಗೆಗೆ ಹಸಿ ಕಲ್ಲುಗಳು ಅಂಚಿನಿಂದ ಆರುತ್ತ ಬಂದವು. ನೋಡನೋಡುತ್ತ ಯಾವುದು ಅವಿಭಾಜ್ಯ, ಯಾವುದು ಅಲ್ಲ ಎಂದು ಗುರುತು ಸಿಗದಂತೆ ಇಡೀ ಅಂಗಳ ಒಂದೇ ಬಣ್ಣವಾಯಿತು. ಅಪ್ಪ ಬಾಗಿಲಿಗೆ ಬಂದು ಬಸ್ಸಿನ ಹೊತ್ತಾಯಿತೆಂದ. ನಾನು ಅಲ್ಲೇ ಕೂತಿದ್ದೆ.